ಓಡುವವಳಿಗೊಂದು ಪಿಸ್ತೂಲು

...ಕೆಳಗಿಡು. ಮೊದಲು ಕೆಳಗಿಡು, ಆಮೇಲೆ ಮಾತು. ನಳಿಗೆ ಗೋಡೆ ಕಡೆಗೆ. ಬೆರಳು ಟ್ರಿಗರ್‌ನಿಂದ ಆಚೆ. ಖಾಲಿ ಇದೆ ಅಂತೀಯಾ? ಯಾರು ನೋಡಿದರು? ನಾನು ನೋಡಿದ್ದು ನನ್ನ ಲೆಕ್ಕಕ್ಕೆ. ನಿನ್ನದನ್ನು ನೀನೇ ನೋಡಬೇಕು. ಮೇಲಿನ ಸ್ಲೈಡ್ ಹಿಂದಕ್ಕೆ ಎಳೆ. ಒಳಗೆ ಬೆರಳಿಟ್ಟು ನೋಡು. ಹಾಂ... ಹಾಗೆ. ಸೊಸೆಯಾಗಿದ್ದಾಗಲೂ ನಿನಗೆ ಇದನ್ನೇ ಹೇಳಿದ್ದೆ ಮರ್ಲಾ, ಈಗಲೂ ಇದನ್ನೇ ಹೇಳುತ್ತೇನೆ. ವಿಚ್ಛೇದನ ಆದದ್ದು ನಿನಗೂ ನನ್ನ ಮಗನಿಗೂ. ನನಗೂ ನಿನಗೂ ಅಲ್ಲ.

ಈಗ ವಿಷಯಕ್ಕೆ ಬಾ. ದಿನಾ ಬೆಳಿಗ್ಗೆ ಹೊಳೆದಂಡೆಯ ದಾರಿಯಲ್ಲಿ ಓಡುತ್ತೀ. ಒಬ್ಬಳೇ. ಈ ವಾರ ಒಂದು ಬೂದು ಬಣ್ಣದ ಟ್ರಕ್ಕು ಎರಡು ಸಲ ಅಲ್ಲಿ ನಿಂತಿತ್ತು, ಒಳಗೆ ಯಾರೋ ಕೂತಿದ್ದರು. ಮುಖ ಕಾಣಲಿಲ್ಲ. ಅಷ್ಟೇ ತಾನೆ? ಹೂಂ. ಮೀನು ಹಿಡಿಯುವವರು ಇರಬಹುದು. ...ಇರಬಹುದು ಅಂದೆ.

ಓಡುವವರಿಗೆ ಪಿಸ್ತೂಲು ಆರಿಸುವುದು ಬೇರೆಯೇ ಶಾಸ್ತ್ರ. ಜೀನ್ಸಿಗಾದರೆ ಬೆಲ್ಟಿದೆ. ನಿನ್ನ ಈ ಬಿಗಿ ಚಡ್ಡಿಗೆ ಏನಿದೆ? ಎಲಾಸ್ಟಿಕ್ಕು! ಅರ್ಧ ಮೈಲಿ ಓಡುವುದರೊಳಗೆ ಪಿಸ್ತೂಲು ಮಂಡಿಗೆ ಇಳಿದಿರುತ್ತದೆ. ಯಾಕೆ ನಗುತ್ತೀ? ನಗುವ ಮಾತಲ್ಲ. ಚರ್ಚಿನಲ್ಲಿ ಪಿಯಾನೋ ನುಡಿಸುವ ವಿಲ್ಮರ್ ಗೊತ್ತಲ್ಲ? ಓಡುವಾಗ ಪಿಸ್ತೂಲನ್ನು ಹಾಗೇ ಜೇಬಿಗೆ ಹಾಕಿಕೊಂಡ. ಮನೆಯ ಬೀಗದ ಕೈಯನ್ನೂ ಅದೇ ಜೇಬಿಗೆ ಹಾಕಿದ. ಬೀಗದ ಕೈ ಹೋಗಿ ಟ್ರಿಗರ್‌ಗೆ ಸಿಕ್ಕಿಕೊಂಡಿತು. ಈಗ ಅವನ ಎಡಗಾಲಿಗೆ ನಾಲ್ಕೇ ಬೆರಳು. ಅದಕ್ಕೇ ಈ ಒರೆ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಒರೆ. ಒರೆ ಕೂರುವುದು ಹೊಟ್ಟೆಗೆ ಸುತ್ತುವ ಈ ಅಗಲ ಪಟ್ಟಿಯಲ್ಲಿ. ಟೆನೆಸೀ ಸೆಕೆ, ಬೆವರು ತಾಗದೆ ಇರುವುದಿಲ್ಲ. ಓಡಿ ಬಂದ ಕೂಡಲೇ ಒರೆಸಬೇಕು, ಎಣ್ಣೆ ಹಾಕಬೇಕು. ದಿನಾ. ದಿನಾ ಅಂದರೆ ದಿನಾ.

ಕೈಯಲ್ಲಿರುವುದನ್ನು ಒರೆಗೆ ಹಾಕಿ ಸುತ್ತಿಕೋ. ಬಿಗಿಯಾಗಿ. ಇನ್ನೂ. ಉಸಿರಾಡುವುದಕ್ಕೆ ಆಗುತ್ತಿದೆಯಾ? ಹಾಗಾದರೆ ಸರಿ. ಈಗ ಓಡು. ಇಲ್ಲೇ, ಅಂಗಡಿಯೊಳಗೇ, ಕೌಂಟರಿನಿಂದ ಬಾಗಿಲವರೆಗೆ. ಏನು, ಎದುರಿನ ಕ್ಷೌರದಂಗಡಿಯ ಓಡೆಲ್ ನೋಡುತ್ತಾನಾ? ನೋಡಲಿ ಬಿಡು. ಅರ್ಧ ತಲೆ ಬೋಳಿಸಿ ಗಿರಾಕಿಯನ್ನು ಕೂರಿಸಿ ಕಿಟಕಿಗೆ ಬರುವುದು ಅವನ ಹಳೇ ಚಾಳಿ. ...ಓಡು!

ಕುಣಿಯುತ್ತಿದೆ. ಕಂಡೆಯಾ? ಅದು ನೈನ್ ಎಂ.ಎಂ., ದೊಡ್ಡ ಗುಂಡಿನದು, ಓಡುವವರಿಗಲ್ಲ. ತೆಗೆ. ಇದನ್ನು ಹಾಕು. ಪಾಯಿಂಟ್ ಟೂ-ಟೂ, ಸಣ್ಣ ಗುಂಡಿನದು. ಅಂಗೈಯಗಲ. ಇಟ್ಟುಕೊಂಡದ್ದೇ ಗೊತ್ತಾಗುವುದಿಲ್ಲ. ಹಾರಿಸಿದರೆ ಕೈ ಜಗ್ಗುವುದಿಲ್ಲ. ಮುರಿದು ಕೂಡಿದ ನಿನ್ನ ಆ ಮಣಿಕಟ್ಟಿಗೆ... ಸರಿ. ಮಣಿಕಟ್ಟಿನ ಮಾತು ಬೇಡ. ಯಾರು ಮುರಿದದ್ದು ಅಂತ ಇಬ್ಬರಿಗೂ ಗೊತ್ತು.

ಏನು? ದೊಡ್ಡದೇ ಇರಲಿ ಅಂತೀಯಾ? ಪಟ್ಟಿ ಇನ್ನಷ್ಟು ಬಿಗಿದರೆ ಕುಣಿಯುವುದಿಲ್ಲ ಅಂತೀಯಾ? ಬೇಡ. ಬೇಡ ಅಂದೆ! ...ಪಿಸ್ತೂಲು ಪರವಾನಗಿಯ ತರಗತಿಯಲ್ಲಿ ನಾನೇ ಏನು ಹೇಳಿದ್ದೆ ಅಂತ ನನಗೇ ಒಪ್ಪಿಸಬೇಡ. ನೆನಪಿದೆ. ‘ನಿಮ್ಮ ಕೈ ತಡೆಯುವಷ್ಟು ದೊಡ್ಡ ಗುಂಡನ್ನೇ ಒಯ್ಯಿರಿ, ಟೂ-ಟೂ ಇರುವುದು ಅಳಿಲು ಹೊಡೆಯುವುದಕ್ಕೆ.’ ಅಂದಿದ್ದೆ. ಇಲ್ಲ ಅಂದೆನಾ? ಬಂದವರಿಗೆಲ್ಲ ಅದನ್ನೇ ಹೇಳುತ್ತೇನೆ. ನಿನಗೆ ಬೇರೆ.

ಯಾಕೆಂದರೆ... ಭಾರ. ಭಾರ ಕಣಮ್ಮ. ಬೆವರು. ಆಮೇಲೆ... ನಿನಗೆ ಬೇಕಾದದ್ದು ಎದುರಿನವನು ನಿಲ್ಲಬೇಕು ಅಂತ, ಅಲ್ಲವೇ? ನಿಂತರೆ ಸಾಕು. ಹೆದರಿದರೆ ಸಾಕು. ಸಣ್ಣ ಗುಂಡಾದರೆ ಭುಜಕ್ಕೋ ತೊಡೆಗೋ ತಾಗುತ್ತದೆ, ಆಸ್ಪತ್ರೆಗೆ ಹೋಗುತ್ತಾನೆ, ಹೊಲಿಗೆ ಹಾಕುತ್ತಾರೆ, ಬದುಕಿಕೊಳ್ಳುತ್ತಾನೆ. ಅವನು ಸಾಯಲೇಬೇಕು ಅಂತ ಏನಿದೆ?

ಯಾಕೆ ಹಾಗೆ ನೋಡುತ್ತೀ?

ಅವನು ಅಂದರೆ... ಯಾರೋ ಒಬ್ಬ. ಮೀನು ಹಿಡಿಯುವವನು. ಮಾತಿಗೆ ಅಂದೆ. ...ಮರ್ಲಾ? ...ಪಟ್ಟಿ ಯಾಕೆ ಬಿಚ್ಚುತ್ತಿದ್ದೀ?

ಕರ್ಟಿಸ್ ಅಂತ ನಾನು ಅನ್ನಲಿಲ್ಲ. ಮಗನ ಹೆಸರು ನನ್ನ ಬಾಯಿಂದ ಬರಲಿಲ್ಲ.

...ಭಾನುವಾರ. ಭಾನುವಾರ ಬಂದ. ಅಲಬಾಮದ ಕೆಲಸ ಹೋಯಿತಂತೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ. ಟ್ರಕ್ಕು ಯಾರೋ ಸ್ನೇಹಿತನದಂತೆ. ಕುಡಿಯುತ್ತಿಲ್ಲ. ನನ್ನೆದುರು ಕುಡಿಯುತ್ತಿಲ್ಲ. ಮರ್ಲಾ ಈಗಲೂ ಹೊಳೆದಂಡೆಯಲ್ಲೇ ಓಡುತ್ತಾಳಾ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂತಲೇ ಅಂದೆ! ...ಅವನು ನಂಬಲಿಲ್ಲ ಅಂತ ಕಾಣುತ್ತದೆ.

ಅವನು ನಿನ್ನ ಹತ್ತಿರ ಸುಳಿಯಬಾರದು ಅಂತ ನ್ಯಾಯಾಧೀಶರ ಆಜ್ಞೆ ಇದೆ. ಗೊತ್ತು. ಆ ದಿನ ಕೋರ್ಟಿನಲ್ಲಿ ನಿನ್ನ ಪಕ್ಕ ಕೂತಿದ್ದವನು ನಾನೇ ಅಲ್ಲವೇ?

ಯಾಕೆ, ಪಿಸ್ತೂಲು ಬೇಡವಾ? ಎರಡೂ ಬೇಡವಾ? ...ಫೋನು ಯಾಕೆ ನನ್ನ ಕಡೆ ತಳ್ಳುತ್ತೀ? ಶೆರೀಫ್ ಕಚೇರಿಗೆ ನೀನೇ ಮಾಡಬಹುದಲ್ಲ. ನಿನ್ನ ಆಜ್ಞೆ, ನಿನ್ನ... ನಾನೇ ಮಾಡಬೇಕಾ?

ಇವತ್ತು ಇನ್ನೂ ಎದ್ದಿಲ್ಲ ಅವನು. ತಿಂಡಿ ಮುಚ್ಚಿಟ್ಟು ಬಂದಿದ್ದೇನೆ. ಎದ್ದು, ಎರಡು ತುತ್ತು ತಿಂದ ಮೇಲೆ... ಆಮೇಲೆ ಮಾಡೋಣ, ಆಗದೇ?

ಬೈಯಬೇಕಾದರೆ ಬೈಯಿ.

...ಆಯಿತು. ಈಗಲೇ. ಫೋನು ಇಲ್ಲಿ ಕೊಡು.