ಅಮ್ಮನ ಕಿವಿಯ ಮೆಷಿನ್

ಕಿವಿಯ ಮೆಷಿನ್ ರಿಪೇರಿ ಮಾಡುವವನ ಕಿವಿ ಸಾಮಾನ್ಯದ್ದಲ್ಲ. ಮೂರು ಬೀದಿಯಾಚೆ ಇರುವೆ ಸೀನಿದರೂ ಅವನಿಗೆ ಕೇಳುತ್ತದೆ. ಅಂದು ಅಂಗಡಿಯ ಮುಂದೆ ಅರ್ಧ ಊರೇ ಸಾಲು ನಿಂತಿತ್ತು. ಸಾಲಿನ ಬಾಲದಲ್ಲಿದ್ದ ಅಕ್ಕತಂಗಿಯರ ಪಿಸುಮಾತು ಅವನಿಗೆ ಕುಳಿತಲ್ಲಿಗೇ ಬಂತು.

"ಅಮ್ಮ ಹೋಗಿ ತಿಂಗಳಾಯ್ತು. ಇದನ್ನ ರಿಪೇರಿ ಮಾಡಿಸಿ ಇನ್ಯಾರಿಗೆ ಹಾಕ್ತೀಯೇ?" ಎಂದಳು ಅಕ್ಕ.

"ಅವಳ ಫೋಟೋ ಮುಂದೆ ಇಟ್ಟು ಮಾತಾಡ್ತೀನಿ."

"ಸತ್ತ ಮೇಲೂ ಕಿವಿ ಕೇಳಲ್ವೇನೇ, ಪೆದ್ದೀ? ಆತ್ಮಕ್ಕೆ ಎಲ್ಲ ಕೇಳುತ್ತೆ."

"ಇದು ಕೆಟ್ಟಾಗಿಂದ ಅವಳ ಹತ್ರ ಕೂಗೇ ಮಾತಾಡಬೇಕಿತ್ತು. ನನ್ನ ಕೂಸು ಹೊಟ್ಟೇಲೇ ಹೋಯ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋಕಾಗುತ್ತಾ ಅಕ್ಕಾ? ಹೇಳಲೇ ಇಲ್ಲ."

ಅಕ್ಕ ಅವಳ ಕೆನ್ನೆ ಒರೆಸಿದಳು.

"ಇನ್ನು ಹೇಳೋದೂ ಬೇಡ. ನಿನ್ನ ಕೂಸು ಈಗ ಅಜ್ಜಿ ಮಡಿಲಲ್ಲೇ ಇದೆ."

"ನಿಜವಾಗ್ಲೂ?"

"ಅಮ್ಮ ಎಂಥೋಳು ಅಂತ ನಿಂಗೊತ್ತಿಲ್ವಾ? ಕೂಸು ಕಂಡ್ರೆ ಕೆಳಗಿಳಿಸ್ತಾಳಾ?"

"ಹಾಗಾದ್ರೆ ಅದು ಅತ್ತರೆ ಅವಳಿಗೆ ಕೇಳಿಸಬೇಡ್ವಾ ಅಕ್ಕಾ?"

ಅಕ್ಕ ತಂಗಿಯ ಕೈಯಿಂದ ಮೆಷಿನ್ ತೆಗೆದುಕೊಂಡಳು. ಸರದಿ ಬಂದಾಗ ಮೆಷಿನ್ನನ್ನು ಅವಳೇ ಮೇಜಿನ ಮೇಲಿಟ್ಟಳು.

"ಚೆನ್ನಾಗಿ ಮಾಡಿಕೊಡಿ ಅಣ್ಣಾ. ಸಣ್ಣ ಅಳುನೂ ಕೇಳಿಸಬೇಕು" ಎಂದು ತಂಗಿಯ ಕೈ ಹಿಡಿದು ಹೊರಟಳು.