ರೋಬೋನ ಎದೆಯ ಸ್ಟಿಕ್ಕರ್

ಕನ್ನಡಕದ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಹುಡುಗಿಯ ಕಿವಿಯೆಲ್ಲ ಪಕ್ಕದ ನಡುವಯಸ್ಸಿನ ದಂಪತಿಯ ಮೇಲೇ ಇತ್ತು. ಗಂಡನ ತೊಡೆಯ ಮೇಲೆ ಹಳೇ ಜಪಾನಿ ಕಾರ್ಟೂನಿನ ರೋಬೋ ಗೊಂಬೆಯ ಡಬ್ಬ.

"ಎದೆಗೆ ಅಂಟಿಸೋ ಸ್ಟಿಕ್ಕರ್ ಇದೊಂದೇ ಇರೋದು. ನೀನೇ ಅಂಟಿಸಿಕೊಡೇ."

"ಕನ್ನಡಕ ಬಂದ್ಮೇಲೆ ನೀವೇ ಅಂಟಿಸ್ಕೊಳ್ಳಿ."

"ಕಣ್ಣು ಕಂಡ್ರೂ ಕೈ ನಡುಗುತ್ತಲ್ಲೇ. ದಿನಾ ಸೂಜಿ ಹಿಡಿದು ಹೊಲಿಯೋ ಕೈ ನಿಂದು."

"ಅಂಗಿ ಆದ್ರೆ ಬಿಚ್ಚಿ ಇನ್ನೊಂದ್ಸಲ ಹೊಲೀಬಹುದು. ಇದು ಸೊಟ್ಟಗಾದ್ರೆ ಜನ್ಮಪೂರ್ತಿ ಮುಖ ಊದಿಸ್ಕೊಂಡಿರ್ತೀರ."

"ಇಪ್ಪತ್ತು ವರ್ಷ ಹುಡುಕಿದೀನಿ ಕಣೇ ಇವನನ್ನ. ಬರೀ ಎದೇಲಿ ನಿಂತಿದ್ರೆ ನೋಡೋಕಾಗಲ್ಲ."

"ನನ್ನ ನೋಡಿ ಒಪ್ಪೋಕೆ ಹತ್ತೇ ನಿಮಿಷ ಸಾಕಾಯ್ತು ನಿಮಗೆ."

"ಆಗ ಕಣ್ಣು ಚೆನ್ನಾಗಿತ್ತು."

ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು. ಅಷ್ಟರಲ್ಲಿ ಅಂಗಡಿಯವರು ಚೀಟಿ ಕೊಟ್ಟು, ಕನ್ನಡಕ ಶುಕ್ರವಾರ ಸಿಗುತ್ತದೆ ಎಂದರು. ಅವಳು ಡಬ್ಬ ಎತ್ತಿಕೊಂಡು ಎದ್ದೇಬಿಟ್ಟಳು.

"ನಡೀರಿ, ಇವತ್ತೇ ಅಂಟಿಸಿಬಿಡ್ತೀನಿ."

"ಇದೇನೇ, ಇದ್ದಕ್ಕಿದ್ದ ಹಾಗೆ?"

"ಸೊಟ್ಟಗಾದ್ರೂ ಶುಕ್ರವಾರದವರೆಗೆ ನಿಮಗೆ ಕಾಣಲ್ಲ. ಅಷ್ಟು ದಿನ ಖುಷಿಯಾಗಿರ್ತೀರಲ್ಲ, ಆಮೇಲೆ ಬೈಯೋಕೆ ನಿಮಗೇ ಮನಸ್ಸು ಬರಲ್ಲ."

"ಅದೂ ಸರಿನೇ ಅನ್ನು," ಎನ್ನುತ್ತ ಗಂಡ ಅವಳಿಗಿಂತ ಮೊದಲೇ ಹೋಗಿ ಬಾಗಿಲು ತೆರೆದು ಹಿಡಿದ.