ಇಸ್ತ್ರಿಯವನ ಹೊಸ ಫೋನು

ಫೋನ್ ಕಂಪನಿಯ ಸರ್ವಿಸ್ ಸೆಂಟರಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟರ ಕಿವಿಗೆ, ಮುಂದೆ ನಿಂತಿದ್ದ ಇಸ್ತ್ರಿಯವ ಮತ್ತು ಅವನ ಹೆಂಡತಿ ಆಡುತ್ತಿದ್ದ ಮಾತು ಬಿತ್ತು.

"ಡಿಸೈನೇ ಸರಿ ಇಲ್ಲ ಕಣೇ. ಹೊಸಾ ಫೋನು, ಕೆಂಡದ ಹಾಗೆ ಕಾಯುತ್ತೆ."

"ಇಸ್ತ್ರಿಪೆಟ್ಟಿಗೆ ಪಕ್ಕದಲ್ಲಿಟ್ರೆ ಕಾಯದೆ ಇನ್ನೇನಾಗುತ್ತೆ?"

"ನಾನೂ ದಿನವಿಡೀ ಅದರ ಪಕ್ಕಾನೇ ಇರ್ತೀನಲ್ಲ, ನಾನು ಬಿಸಿಯಾಗ್ತೀನಾ?"

"ಬೀದಿಯವರನ್ನೆಲ್ಲ ಕೇಳಿ ನೋಡಿ, ಹೇಳ್ತಾರೆ."

ಮೇಷ್ಟರು ನಗುವನ್ನು ಕೆಮ್ಮಾಗಿಸಿಕೊಂಡರು.

"ಸುಮ್ನಿರೇ. ಬದಲಾಯಿಸಿಕೊಳ್ಳೋಕೆ ಇವತ್ತೇ ಕೊನೇ ದಿನ. ಗಿರಾಕಿಗಳು ಮಾತಾಡ್ತಿದ್ದ ಹಾಗೇ ಆಫ್ ಆಗೋ ಫೋನ್ ಕಟ್ಕೊಂಡು ವ್ಯಾಪಾರ ಹೇಗೆ ಮಾಡ್ಲಿ?"

"ತಪ್ಪು ನಿಮ್ಮದು, ದೂರು ಕಂಪನಿ ಮೇಲೆ!"

ಅವರ ಸರದಿ ಬಂತು. ಕೌಂಟರಿನಾಕೆ ಕೇಳಿದಳು: "ಫೋನ್ ಎಲ್ಲಿಟ್ಟಿರ್ತೀರಿ?"

ಇಸ್ತ್ರಿಯವ ಹೆಂಡತಿಯತ್ತ ನೋಡಿದ.

"ತಣ್ಣಗಿರೋ ಜಾಗದಲ್ಲೇ ಕಣಮ್ಮ," ಎಂದಳು ಹೆಂಡತಿ, ಗಂಡನ ಮುಖವನ್ನೂ ನೋಡದೆ.

ಪರೀಕ್ಷೆಗೆಂದು ಒಳಗೆ ಕರೆದರು. ಅವನು ಹೆಂಡತಿಯ ಹಿಂದೆಯೇ ನಡೆದ.